ಆ ನಂಬರ್ ನನ್ನದು

ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಅಂಗಡಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬೀಳುತ್ತಿತ್ತು. ಮೇಲೆ ‘ಈ ವಾರದ ಸಲಹೆ’, ಅದರ ಕೆಳಗೆ ‘ಹೊಸ ಸುದ್ದಿ’. ಗಿರಾಕಿಗಳ ವಿವರ ಬರೆದಿಡುವ ಸಾಫ್ಟ್‌ವೇರನ್ನು ನಮ್ಮ ಫೋನುಗಳಿಗೆ ಹಾಕಿಕೊಟ್ಟವರು ಅದನ್ನು ಕಳಿಸುತ್ತಿದ್ದರು. ಮೊದಲ ವಾರದ ಸಲಹೆ ನನಗೆ ಇವತ್ತಿಗೂ ಬಾಯಿಪಾಠ. ಗಿರಾಕಿಯ ಫೋನ್ ನಂಬರ್ ಬರೆದುಕೊಂಡ ಕೂಡಲೇ ಅವರ ಎದುರಿಗೇ ನಿಂತು ಒಂದು ಮಿಸ್ಡ್ ಕಾಲ್ ಕೊಡಿ, ಅವರ ಫೋನ್ ಸದ್ದು ಮಾಡಿದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಪುಟವನ್ನು ಉಳಿಸಿ, ಎಂದಿತ್ತು.

ಓದಿ ನಾನು ನಕ್ಕಿದ್ದೆ. ನಕ್ಕವನ ಕಾರಣದಿಂದ ಯಲ್ಲದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಒಬ್ಬ ಹೆಣ್ಣುಮಗಳು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ನಾಲ್ಕು ವರ್ಷ ಬದುಕಿದಳು. ನಾನು ಓದಿದ್ದು ಹತ್ತನೇ ತರಗತಿ. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳಬೇಕಾದಾಗ ನಾನು ಹೇಳಲಿಲ್ಲ.

ಚಿತ್ರದುರ್ಗದ ಒಂದು ಪಶು ಔಷಧಿ ಅಂಗಡಿಗೆ ಇಪ್ಪತ್ತೆಂಟು ವರ್ಷ ದುಡಿದವನು ನಾನು. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳನ್ನು ಸುತ್ತುವುದು, ಕುರಿ ಸಾಕುವವರ ಹಟ್ಟಿಗಳಿಗೆ ಹೋಗುವುದು, ಜಂತಿನ ಔಷಧಿ, ಉಣ್ಣೆಹುಳುವಿನ ಔಷಧಿ, ಕಾಲುಹುಣ್ಣಿನ ಮುಲಾಮು ಮುಟ್ಟಿಸಿ ಬರುವುದು ನನ್ನ ಕೆಲಸ. ಯಾವ ಹಟ್ಟಿಯವರು ಯಾವ ತಿಂಗಳು ಯಾವ ಕಡೆ ಕುರಿ ಹೊಡೆದುಕೊಂಡು ಹೋಗುತ್ತಾರೆ, ಯಾರ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಅಜ್ಜಿಯನ್ನು ಮೊದಲು ಮಾತಾಡಿಸಬೇಕು, ಎಲ್ಲವೂ ನನ್ನ ತಲೆಯಲ್ಲಿತ್ತು. ಅಂಗಡಿಯಲ್ಲಿ ನನಗಿದ್ದ ಬೆಲೆ ಅದೊಂದೇ.

ಕೊರೊನಾ ಕಳೆದ ಮೇಲೆ ಮಾಲೀಕರು ಸಾಫ್ಟ್‌ವೇರ್ ತಂದರು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಹೆಸರು, ಊರು, ಫೋನ್ ನಂಬರ್, ಎಷ್ಟು ಕುರಿ, ಕೊನೆಯ ಸಲ ಕೊಟ್ಟ ಔಷಧಿ ಯಾವುದು, ಮುಂದೆ ಯಾವಾಗ ಹೋಗಬೇಕು. ಕೆಂಪು ಚುಕ್ಕಿ ಇದ್ದ ಜಾಗಗಳನ್ನು ತುಂಬದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಬೇರೆ ತಾಲೂಕುಗಳನ್ನು ಸುತ್ತುವ ಲೈನಿನಲ್ಲಿ ನನಗಿಂತ ಹಿರಿಯನೊಬ್ಬನಿದ್ದ. ಅವನು ಪ್ರಾಮಾಣಿಕವಾಗಿ ತನ್ನ ಗಿರಾಕಿಗಳ ನಂಬರನ್ನೆಲ್ಲ ತುಂಬಿದ. ಮೂರೇ ತಿಂಗಳಿಗೆ ಅಂಗಡಿಯಿಂದ ನೇರವಾಗಿ ಗಿರಾಕಿಗಳಿಗೆ ಫೋನ್ ಹೋಗತೊಡಗಿತು. ಆರನೇ ತಿಂಗಳಿಗೆ ಅವನನ್ನು ಮನೆಗೆ ಕಳಿಸಿದರು.

ಅದನ್ನು ನೋಡಿ ನಾನು ಜಾಣನಾದೆ. ನಂಬರಿನ ಜಾಗದಲ್ಲಿ ನನ್ನ ನಂಬರನ್ನೇ ಬರೆದೆ. ‘ಈ ನಂಬರ್ ಈಗಾಗಲೇ ಬಳಕೆಯಲ್ಲಿದೆ, ಮುಂದುವರಿಯಬೇಕೆ?’ ಎಂದು ಫೋನ್ ಕೇಳುತ್ತಿತ್ತು. ‘ಹೌದು’ ಒತ್ತುತ್ತಿದ್ದೆ. ಹೀಗೆ ನಲವತ್ತೊಂದು ಮನೆ. ಅಂಗಡಿಯಿಂದ ಯಾರೇ ನನ್ನ ಗಿರಾಕಿಗೆ ಫೋನ್ ಮಾಡಿದರೂ ನನ್ನ ಜೇಬು ಸದ್ದು ಮಾಡುತ್ತಿತ್ತು. “ಅವ್ರು ಕುರಿ ಹೊಡ್ಕಂಡು ಹೋಗ್ಯಾರೆ ಸಾರ್, ಫೋನ್ ನಂತಾವ ಕೊಟ್ಟೋಗ್ಯಾರೆ” ಎಂದು ಒಂದೆರಡು ಸಲ ಹೇಳಿದೆ. ಆಮೇಲೆ ಅವರು ಮಾಡುವುದನ್ನೇ ಬಿಟ್ಟರು.

ಆ ಹೆಣ್ಣುಮಗಳ ಪುಟ ತುಂಬಿದ ದಿನ ಚೆನ್ನಾಗಿ ನೆನಪಿದೆ. ಅವಳು ಆ ಮನೆಯ ಕಿರಿ ಸೊಸೆ. ಏಳನೇ ತರಗತಿಯವರೆಗೆ ಓದಿದ್ದಳು. ಮನೆಯಲ್ಲಿ ಅಕ್ಷರ ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಕುರಿಗಳ ಔಷಧಿ ಚೀಲ ಅವಳ ಕೈಯಲ್ಲಿತ್ತು. ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಅವಳೇ ಹೊಲಿದ ಚೀಲ. ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿ, ಯಾವ ಕುರಿಗೆ ಎಷ್ಟು ಎಂದು ಅವಳು ಹೇಳಿದರೆ, ಗಂಡನೂ ಭಾವನೂ ಹಿಡಿದು ಕುಡಿಸುತ್ತಿದ್ದರು. ಗಂಡ ಮಾತಿಲ್ಲದ ಮನುಷ್ಯ. ಮನೆಯ ಯಜಮಾನಿಕೆ ಭಾವನದು. ಅಂಥ ಭಾವನೂ ಔಷಧಿಯ ವಿಷಯ ಬಂದರೆ “ಅವ್ಳನ್ನ ಕೇಳ್ರಿ” ಎನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದಳು.

“ಎಷ್ಟು ಕುರಿ ಅವೆ ತಾಯಿ? ಇದ್ರಾಗೆ ಬರೀಬೇಕು” ಎಂದೆ.

ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವಳ ಅತ್ತೆ ಕೂಗಿದಳು. “ಏಯ್ ಔಷ್ದಿಯಪ್ಪ, ಇಷ್ಟು ವರ್ಸದಿಂದ ಬತ್ತೀಯ, ಕುರಿ ಎಣಿಸಬಾರ್ದು ಅಂತ ಗೊತ್ತಿಲ್ವೇನೋ? ಬಾಯಾಗ ಲೆಕ್ಕ ಬಂದ್ರೆ ರೊಪ್ಪದಾಗ ಕುರಿ ಉಳೀತಾವೇನೋ?”

“ನಾನಲ್ಲ ಯಮ್ಮ, ಈ ಫೋನ್ ಕೇಳ್ತೈತೆ.”

“ಹಂಗಾರೆ ಫೋನಿಗೇ ಹೇಳು, ದೇವ್ರು ಕೊಟ್ಟಷ್ಟು ಅವೆ ಅಂತ.”

ಸೊಸೆ ನಕ್ಕಳು. “ನೂರು ಅಂತ ಬರ್ಕಳ್ರಿ ಅಣ್ಣ. ನೂರು ಅಂದ್ರೆ ಯಾರವೂ ಅಲ್ಲ.”

ನೂರು ಎಂದು ಬರೆದೆ. ಎಲ್ಲ ಹಟ್ಟಿಗಳಿಗೂ ನಾನು ನೂರೇ ಬರೆದಿದ್ದೆ. ಕುರಿಯ ಲೆಕ್ಕ ಕೇಳಿದರೆ ಯಾವ ಕುರುಬರ ಮನೆಯಲ್ಲೂ ಉತ್ತರ ಸಿಗುವುದಿಲ್ಲ. ಸಾಫ್ಟ್‌ವೇರ್ ಮಾಡಿದವರಿಗೆ ಇದು ಹೇಗೆ ಗೊತ್ತಾಗಬೇಕು?

ಆಮೇಲೆ ಅವಳು ಫೋನ್ ತೋರಿಸಿದಳು. ಗಂಡ ಟಗರು ಮಾರಿ ಬಂದ ಸಂತೆಯ ದಿನ ತಂದುಕೊಟ್ಟ ಹೊಸ ಫೋನು. “ನನ್ ನಂಬರೇ ಹಾಕ್ರಿ ಅಣ್ಣ. ಏನರ ಸುದ್ದಿ ಬಂದ್ರೆ ನಾನೇ ಓದ್ಕಂತೀನಿ” ಎಂದು ಒಂದೊಂದೇ ಅಂಕಿಯನ್ನು ಶಾಲೆಯ ಹುಡುಗಿಯ ಹಾಗೆ ಬಿಡಿಬಿಡಿಯಾಗಿ ಹೇಳಿದಳು. ನಾನು ಪ್ರತಿ ಅಂಕಿಗೂ “ಹ್ಞೂಂ” ಅಂದೆ. ಬೆರಳು ಮಾತ್ರ ನನ್ನ ನಂಬರನ್ನೇ ಒತ್ತುತ್ತಿತ್ತು.

ನಲವತ್ತೊಂದು ಜನರ ನಂಬರ್ ಒಂದೇ ಫೋನಿನಲ್ಲಿದ್ದರೆ ಏನಾಗುತ್ತದೆಂದು ಯುಗಾದಿಯ ದಿನ ಗೊತ್ತಾಯಿತು. ‘ಪ್ರಿಯ ಗ್ರಾಹಕರೇ, ಹಬ್ಬದ ಶುಭಾಶಯಗಳು’ ಎಂದು ನಲವತ್ತೊಂದು ಸಲ. ದೀಪಾವಳಿಗೂ ಹಾಗೇ, ಸಂಕ್ರಾಂತಿಗೂ ಹಾಗೇ. ಓದದೆ ಒಟ್ಟಿಗೆ ಅಳಿಸುವುದು ನನಗೆ ರೂಢಿಯಾಯಿತು.

ಮುಂದಿನ ವರ್ಷ ಒಂದು ಗುರುವಾರ ಚಿಕ್ಕಜಾಜೂರಿನಲ್ಲಿ ರೈಲ್ವೆ ಗೇಟ್ ಹಾಕಿತ್ತು. ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಫೋನ್ ಶುರುವಾಯಿತು. ನಿಲ್ಲಲೇ ಇಲ್ಲ. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ, “ಏನಪ್ಪ, ಊರಿಗೆಲ್ಲ ಇಲ್ದಿರೋ ಹಬ್ಬ ನಿಂಗೊಬ್ಬನಿಗೇ ಬಂದಂಗೈತೆ” ಎಂದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಗುತ್ತಲೇ ಎಲ್ಲವನ್ನೂ ಗುರುತು ಹಾಕಿ ಅಳಿಸಿದೆ. ಗೇಟ್ ತೆಗೆಯಿತು. ಬೈಕ್ ಹತ್ತಿ ಹೊರಟೆ.

ಮರುದಿನ ಬೆಳಿಗ್ಗೆ ಮಾಲೀಕರು ಗುಂಪಿನಲ್ಲಿ ಹಾಕಿದರು. ಜಂತಿನ ಔಷಧಿಯ ಒಂದು ಬ್ಯಾಚಿನ ಲೇಬಲ್ಲಿನಲ್ಲಿ ಅಳತೆ ತಪ್ಪಾಗಿ ಅಚ್ಚಾಗಿದೆ, ಕುಡಿಸಬೇಕಾದದ್ದರ ಎರಡರಷ್ಟು ಬಿದ್ದಿದೆ, ಗಬ್ಬದ ಕುರಿಗಳಿಗೆ ಹಾಕಿದರೆ ಕಂದು ಹಾಕುತ್ತವೆ, ಮರಿ ಬೆಳೆಯುವ ಮೊದಲೇ ಬಿದ್ದುಹೋಗುತ್ತವೆ. ಎಲ್ಲ ಗಿರಾಕಿಗಳಿಗೂ ನಿನ್ನೆಯೇ ಸಾಫ್ಟ್‌ವೇರಿನಿಂದ ಸಂದೇಶ ಹೋಗಿದೆ, ನೀವು ಬಾಟಲಿ ವಾಪಸ್ ತನ್ನಿ.

ನನ್ನ ನಲವತ್ತೊಂದು ಮನೆಗಳಲ್ಲಿ ಒಂದಕ್ಕೂ ಸುದ್ದಿ ಮುಟ್ಟಿರಲಿಲ್ಲ. ಎಲ್ಲವೂ ಟೀ ಅಂಗಡಿಯಲ್ಲಿ ನನ್ನ ಹೆಬ್ಬೆರಳ ಕೆಳಗೆ ಸತ್ತಿದ್ದವು.

ಔಷಧಿ ಬೇಕಾದಾಗ ಅವರು ನನಗೇ ಫೋನ್ ಮಾಡುತ್ತಿದ್ದರಿಂದ ಅವರೆಲ್ಲರ ನಿಜವಾದ ನಂಬರ್ ನನ್ನ ಫೋನಿನಲ್ಲಿತ್ತು. ಕುಂತಲ್ಲಿಂದಲೇ ಫೋನ್ ಮಾಡಿ “ಆ ಔಷ್ದಿ ಮುಟ್ಟಬ್ಯಾಡ್ರಿ” ಎಂದಿದ್ದರೆ ಒಂದು ಗಂಟೆಯ ಕೆಲಸ. ಮಾಡಲಿಲ್ಲ. ಯಾಕೆ ಮಾಡಲಿಲ್ಲವೆಂದು ನಾನು ಬಹಳ ದಿನ ನನಗೇ ಬೇರೆ ಬೇರೆ ಕಾರಣ ಹೇಳಿಕೊಂಡಿದ್ದೇನೆ. ನಿಜವಾದದ್ದು ಒಂದೇ. ಫೋನ್ ಮಾಡಿದರೆ, ‘ಬೇರೆ ಲೈನಿನವರಿಗೆ ನಿನ್ನೆಯೇ ಮೆಸೇಜ್ ಬಂತಂತೆ, ನಮಗ್ಯಾಕೆ ಬರಲಿಲ್ಲ’ ಎಂದು ಒಬ್ಬನಾದರೂ ಕೇಳುತ್ತಾನೆ. ಕೇಳಿದ ಮಾತು ಅಂಗಡಿಗೆ ಹೋಗುತ್ತದೆ. ಅದಕ್ಕೆ ಬೇರೆ ದಾರಿ ಹಿಡಿದೆ. ಮನೆ ಮನೆಗೆ ಹೋಗಿ “ಹೊಸ ಬಾಟ್ಲಿ ಬಂದೈತೆ, ಹಳೇದು ಕೊಡ್ರಿ” ಎಂದು ಬದಲಾಯಿಸಿಕೊಂಡು ಬಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಶುಕ್ರವಾರ ಹೊಳಲ್ಕೆರೆ ಕಡೆ, ಶನಿವಾರ ಮಾಡದಕೆರೆ ಕಡೆ. ಒಂದೇ ಉಸಿರಿಗೆ ತಿರುಗಿದೆ. ನಲವತ್ತು ಮನೆಗಳ ಬಾಟಲಿ ಸಿಕ್ಕವು. ಬಹಳಷ್ಟರ ಮುಚ್ಚಳವನ್ನೇ ಬಿಚ್ಚಿರಲಿಲ್ಲ. ದೇವರು ನನ್ನ ಕಡೆ ಇದ್ದಾನೆ ಎಂದುಕೊಂಡೆ. ಯಲ್ಲದಕೆರೆ ಕೊನೆಗೆ ಉಳಿಯಿತು.

ಭಾನುವಾರ ಹತ್ತು ಗಂಟೆಗೆ ಹಟ್ಟಿಗೆ ಹೋದೆ. ಖಾಲಿ ಬಾಟಲಿಯನ್ನು ತೊಳೆದು ಜಾಲಿ ಬೇಲಿಯ ಮೇಲೆ ಬೋರಲು ಹಾಕಿದ್ದರು.

“ನಿನ್ನೆ ಎಲ್ಲಾವಕ್ಕೂ ಕುಡಿಸಿದ್ವಿ ಅಣ್ಣ” ಎಂದಳು ಅವಳು. “ಅಳತೆ ಒಂದೀಟು ಜಾಸ್ತಿ ಅನ್ನಿಸ್ತು. ಎರಡು ಸಲ ಓದಿದೆ. ಬರ್ದಿರೋದೇ ಹಂಗೈತಲ್ಲ ಅಂತ ಹಾಕಿದ್ವಿ. ಸರಿ ಐತೇನ್ರಿ?”

“ಸರಿ ಐತೆ ತಾಯಿ” ಎಂದೆ.

ಆ ಹೊತ್ತಿಗೆ ಮಾಡಬಹುದಾದದ್ದು ಬಹಳವಿರಲಿಲ್ಲ. ಆದರೂ ಪಶು ವೈದ್ಯರನ್ನು ಕರೆಸಬಹುದಿತ್ತು. ಕರೆಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವಳು ಕೊಟ್ಟ ಮಜ್ಜಿಗೆ ಕುಡಿದು, ಬೇಲಿಯ ಮೇಲಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ದಾರಿಯಲ್ಲಿ ಹಿರಿಯೂರಿನ ಬಸ್ ನಿಲ್ದಾಣದ ಮುಂದೆ ಬೈಕ್ ನಿಲ್ಲಿಸಿ, ಫೋನ್ ತೆಗೆದು ನಲವತ್ತೊಂದು ಪುಟಗಳಲ್ಲೂ ನನ್ನ ನಂಬರ್ ಅಳಿಸಿ ಅವರವರ ನಂಬರ್ ಬರೆದೆ. ಮೊದಲು ತಿದ್ದಿದ್ದು ಅವಳದು.

ನಾಲ್ಕನೇ ದಿನದಿಂದ ಕುರಿಗಳು ಕಂದು ಹಾಕತೊಡಗಿದವು. ಮುಂದಿನ ವಾರ ಅವಳ ಭಾವ, ಅವಳು, ಅವಳ ಗಂಡ ಮೂವರೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದರು. ಭಾವನ ಕೈಯಲ್ಲಿ ಒಂದು ಕಂಬಳಿ ತುಂಡು, ಅದರಲ್ಲಿ ಸುತ್ತಿದ್ದ ಒಂದು ಮರಿ. ರೋಮ ಕೂಡ ಬಂದಿರಲಿಲ್ಲ. ಅದನ್ನು ಅಂಗಡಿಯ ಮೇಜಿನ ಮೇಲೆ, ಮಾಲೀಕರ ಮತ್ತು ನನ್ನ ಎದುರಿಗೇ ಬಿಚ್ಚಿಟ್ಟ.

ಮಾಲೀಕರು ಕೆಟ್ಟವರಲ್ಲ. ಎದ್ದು ನಿಂತರು. ಎಲ್ಲರಿಗೂ ಕುರ್ಚಿ ಹಾಕಿಸಿದರು. ನಂತರ ಕಂಪ್ಯೂಟರಿನಲ್ಲಿ ಅವರ ಮನೆಯ ಪುಟ ತೆಗೆದು ಪರದೆಯನ್ನು ಅವರ ಕಡೆ ತಿರುಗಿಸಿದರು. “ನೋಡ್ರಿ ಯಜಮಾನ್ರೆ, ಗುರುವಾರವೇ ಮೆಸೇಜ್ ಹೋಗೈತೆ. ‘ತಲುಪಿದೆ’ ಅಂತ ಬಂದೈತೆ. ಇದು ನಿಮ್ಮನೆ ನಂಬರ್ ಹೌದಲ್ಲ?”

ಪುಟದ ಮೇಲ್ಗಡೆ ಅವಳ ನಂಬರಿತ್ತು, ನಾನು ಭಾನುವಾರ ತಿದ್ದಿದ್ದು. ಅವಳೇ ಓದಿದಳು. “ನಂಬರ್ ನಂದೇ. ಆದ್ರೆ ನನ್ ಫೋನಿಗೆ ಬಂದಿಲ್ಲ ಸಾರ್.”

“ಕಂಪ್ಯೂಟರ್ ಸುಳ್ಳು ಹೇಳ್ತೈತೇನಮ್ಮ?” ಎಂದರು ಮಾಲೀಕರು, ಮೆತ್ತಗೆ.

ಭಾವ ಅವಳ ಕಡೆ ತಿರುಗಿದ. “ಓದ್ದೋಳು ಅಂತ ಚೀಲ ನಿನ್ ಕೈಗೆ ಕೊಟ್ಟಿದ್ದು. ಬಂದಿದ್ದು ಓದಕ್ಕೂ ಆಗ್ಲಿಲ್ಲೇನೇ?”

“ಬಂದಿಲ್ಲ ಭಾವ. ಬಂದಿದ್ರೆ ಓದ್ತಿದ್ದೆ.” ಅವಳು ಗಂಡನ ಮುಖ ನೋಡಿದಳು. ಅವನು ಮರಿಯನ್ನು ನೋಡುತ್ತಿದ್ದ. ಆಗ ನನ್ನ ಕಡೆ ತಿರುಗಿದಳು. “ನೀವೇ ಹೇಳ್ರಿ ಅಣ್ಣ. ಭಾನುವಾರ ಬಂದಿದ್ರಲ್ಲ. ನಂಗೆ ಗೊತ್ತಿದ್ರೆ ನಿಮ್ಮನ್ನ ‘ಸರಿ ಐತಾ’ ಅಂತ ಕೇಳ್ತಿದ್ನಾ?”

ಎಲ್ಲರೂ ನನ್ನನ್ನು ನೋಡಿದರು. ಸತ್ಯ ನನ್ನ ನಾಲಿಗೆಯ ತುದಿಯಲ್ಲಿರಲಿಲ್ಲ, ಅಷ್ಟು ಒಳ್ಳೆಯವನೂ ನಾನಲ್ಲ. ನಂಬರ್ ತುಂಬಿ ಕೆಲಸ ಕಳೆದುಕೊಂಡ ಆ ಹಿರಿಯನ ಮುಖ ಕಣ್ಣೆದುರು ಬಂತು.

“ಒಂದೊಂದ್ಸಲ ಬಂದಿದ್ದು ಕಾಣ್ದಂಗೆ ಹೋಗಿರ್ತೈತೆ ತಾಯಿ” ಎಂದೆ.

ಎಷ್ಟು ಮರಿ ಹೋದವು, ಕಂಪನಿಗೆ ಬರೆಯಬೇಕು ಎಂದು ಮಾಲೀಕರು ಕೇಳಿದರು. ಭಾವ ಬಾಯಿ ಬಿಡಲಿಲ್ಲ. ರೊಪ್ಪದಲ್ಲಿ ಇನ್ನೂ ಜೀವಗಳಿದ್ದವಲ್ಲ, ಲೆಕ್ಕ ಹೇಳಿದರೆ ಅವಕ್ಕೂ ತಟ್ಟೀತು ಎಂಬ ಭಯ. ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟರು.

ಔಷಧಿ ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡರೆಂದು ನಂತರ ಕೇಳಿದೆ. ಫೋನನ್ನೂ ತೆಗೆದುಕೊಂಡರಂತೆ. ರೊಪ್ಪದ ಹತ್ತಿರ ಬರಬೇಡವೆಂದು ಅತ್ತೆ ಹೇಳಿದಳಂತೆ. ಹಟ್ಟಿಯಲ್ಲಿ ಯಾರ ಕುರಿಗೆ ಏನಾದರೂ “ಓದಿದೋಳ ಕಣ್ಣು ಬಿತ್ತೇನೋ” ಎಂದು ನಗುತ್ತಿದ್ದರಂತೆ. ಅವಳು ಬೇರೆಯವರ ಹೊಲಕ್ಕೆ ಈರುಳ್ಳಿ ಕೀಳಲು ಹೋಗತೊಡಗಿದಳು. ಆ ಲೈನಿಗೆ ಬೇರೆಯವರನ್ನು ಹಾಕಿ ಎಂದು ನಾನೇ ಕೇಳಿಕೊಂಡೆ. ಮೊಣಕಾಲು ನೋವೆಂದು ಹೇಳಿದೆ.

ವರ್ಷದ ಮೇಲೆ ಒಂದು ಸೋಮವಾರದ ‘ಹೊಸ ಸುದ್ದಿ’ ಹೀಗಿತ್ತು: ಇನ್ನು ಮುಂದೆ ಪ್ರತಿ ಪುಟದ ಕೆಳಗೆ ‘ಬದಲಾವಣೆಗಳು’ ಎಂಬ ಬಟನ್ ಇರುತ್ತದೆ; ಯಾರು, ಯಾವ ದಿನ, ಏನನ್ನು ಅಳಿಸಿ ಏನು ಬರೆದರು ಎಂಬುದು, ಹಳೆಯದೂ ಸೇರಿ, ಎಲ್ಲರಿಗೂ ಕಾಣುತ್ತದೆ. ಯಾರಾದರೂ ಆ ಬಟನ್ ಒತ್ತಿಯೇ ಒತ್ತುತ್ತಾರೆ, ನಾಳೆ ಕರೆಯುತ್ತಾರೆ ಎಂದು ಕಾದೆ. ವಾರ ಕಾದೆ. ತಿಂಗಳು ಕಾದೆ. ಯಾರೂ ಒತ್ತಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಗಿರಾಕಿಗಳನ್ನು ಮನೆಯವರಂತೆ ನೋಡಿಕೊಂಡವನು ಎಂದು ಹೊಗಳಿದರು. ನನ್ನ ಕಳ್ಳತನ ಹೆಸರು ಸಮೇತ ಅಲ್ಲೇ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿತ್ತು. ಒಂದು ಸಲ ಒತ್ತಿದರೆ ಸಾಕಿತ್ತು.

ಸಿಕ್ಕಿಬೀಳುತ್ತೇನೆಂಬ ಭಯ ಹೋದ ಮೇಲೆ ಉಳಿದದ್ದು ಇನ್ನೂ ಕೆಟ್ಟದ್ದಾಗಿತ್ತು. ಯಾರೂ ಹಿಡಿಯುವುದಿಲ್ಲ ಎಂದರೆ ಅವಳು ಸಾಯುವವರೆಗೂ ತಪ್ಪಿತಸ್ಥಳೇ.

ಕಳೆದ ಮಾಘದಲ್ಲಿ ಅವಳ ಅತ್ತೆ ತೀರಿಕೊಂಡ ಸುದ್ದಿ ಬಂತು. ಸೊಸೆಯೇ ತಪ್ಪು ಮಾಡಿದ್ದೆಂದು ನಂಬಿಕೊಂಡೇ ಆ ಮುದುಕಿ ಹೋದಳು. ಹೋದವಳ ಮಟ್ಟಿಗೆ ಇನ್ನು ಯಾವ ತಿದ್ದುಪಡಿಯೂ ಇಲ್ಲ. ಮರುವಾರ ಅಂಗಡಿಗೆ ಹೋದೆ. ಕಂಪ್ಯೂಟರ್ ನೋಡಿಕೊಳ್ಳುವ ಮೇಡಂ ಒಬ್ಬರೇ ಇದ್ದರು.

“ಏನ್ ಸಾರ್, ರಿಟೈರ್ ಆದ್ಮೇಲೂ ಅಂಗ್ಡಿ ನೆಪ್ಪಾಯ್ತಾ? ಕುಂತ್ಕಳ್ರಿ.”

ಆ ಮನೆಯ ಪುಟ ತೆಗೆಯಲು ಹೇಳಿದೆ. ಕೆಳಗಿನ ಬಟನ್ ಒತ್ತಲು ಹೇಳಿದೆ. ಅವರು ಒತ್ತಿದರು, ಓದಿದರು, ಇನ್ನೊಂದು ಸಲ ಓದಿದರು.

“ಈ ಹಳೇ ನಂಬರ್ ಯಾರ್ದು ಸಾರ್?”

“ನಂದು.”

ಅವರು ನನ್ನ ಮುಖ ನೋಡಲಿಲ್ಲ. “ಪ್ರಿಂಟ್ ಬೇಕಾ?” ಎಂದಷ್ಟೇ ಕೇಳಿದರು. ಅಂಗಡಿಯಲ್ಲಿ ನನಗೆ ಸಿಕ್ಕ ಕೊನೆಯ ಮಾತು ಅದು. ಮಾಲೀಕರಿಗೂ ತೋರಿಸಿ ಎಂದು ಹೇಳಿ ಬಂದೆ. ಅವರಿಂದ ಫೋನ್ ಬಂದಿಲ್ಲ.

ಕಾಗದ ಹಿಡಿದುಕೊಂಡು ಯಲ್ಲದಕೆರೆಗೆ ಹೋದೆ. ಬರಿಯ ಮಾತಿನಲ್ಲಿ ಹೇಳಿದರೆ ಸಾಲದು ಎಂದು ನನಗೆ ಗೊತ್ತಿತ್ತು. ಅವಳ ಮಾತನ್ನು ಸುಳ್ಳು ಮಾಡಿದ್ದು ಕಂಪ್ಯೂಟರ್. ಆ ಮಾತನ್ನು ನಿಜ ಮಾಡಬೇಕಾದದ್ದೂ ಅದೇ. ಬೆಳಗಿನ ಹೊತ್ತು, ಕುರಿ ಇನ್ನೂ ಬಿಟ್ಟಿರಲಿಲ್ಲ. ಭಾವ, ಅವಳ ಗಂಡ, ಅಕ್ಕಪಕ್ಕದ ಇಬ್ಬರು ರೊಪ್ಪದ ಮುಂದಿದ್ದರು. ಅವಳು ಕೂಲಿಗೆ ಹೋಗಲು ಬುತ್ತಿ ಕಟ್ಟಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಹೊರಡಲು ತಿರುಗಿದಳು.

“ನಿಂತ್ಕಳವ್ವ” ಎಂದೆ. “ನಿನ್ ಮುಂದೆ ಹೇಳಬೇಕು.”

ಹೇಳಿದೆ. ಅಂಕಿ ಹೇಳುತ್ತಿದ್ದಾಗ ನನ್ನ ಬೆರಳು ಒತ್ತಿದ್ದು, ಟೀ ಅಂಗಡಿಯಲ್ಲಿ ಅಳಿಸಿದ್ದು, ಬಸ್ ನಿಲ್ದಾಣದ ಮುಂದೆ ತಿದ್ದಿದ್ದು, ಅಂಗಡಿಯಲ್ಲಿ ಆಡಿದ ಮಾತು, ಎಲ್ಲ. ಭಾವನಿಗೆ ಕಾಗದ ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಲ್ಲಿದ್ದ ಹಟ್ಟಿಯ ಗಂಡಸರಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಭಾವ ಕಾಗದವನ್ನು ಅವಳ ಕಡೆ ಚಾಚಿದ.

“ಓದು” ಎಂದ.

ಅವಳು ಬುತ್ತಿ ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ನಾಲ್ಕು ವರ್ಷ ಏನನ್ನೂ ಓದಿರಲಿಲ್ಲವೋ ಏನೋ, ಮೊದಲ ಸಾಲಿನಲ್ಲಿ ತಡವರಿಸಿದಳು. ಆಮೇಲೆ ಸರಾಗವಾಯಿತು. ಹಳೆಯ ನಂಬರನ್ನು ಓದಿದಳು, ಹೊಸ ನಂಬರನ್ನು ಓದಿದಳು, ಬದಲಾಯಿಸಿದ ದಿನ ಓದಿದಳು, ಬದಲಾಯಿಸಿದವರು ಎಂಬುದರ ಮುಂದಿನ ನನ್ನ ಹೆಸರನ್ನು ಓದಿದಳು. ಅಂಕಿಗಳನ್ನು ಅವತ್ತಿನ ಹಾಗೇ ಒಂದೊಂದಾಗಿ ಬಿಡಿಸಿ ಓದಿದಳು.

“ಭಾನುವಾರ ಮಧ್ಯಾಹ್ನ” ಎಂದಳು ಗಂಡನಿಗೆ. “ನಮ್ಮನೇಲಿ ಮಜ್ಜಿಗೆ ಕುಡ್ದು ಹೋದ್ಮೇಲೆ.”

ಭಾವ ನನ್ನನ್ನು ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು “ಅವ್ವ ಹೋದ್ಲಲ್ಲೋ” ಎಂದು ಮಾತ್ರ ಹೇಳಿ ರೊಪ್ಪದ ಮುಳ್ಳು ಸರಿಸಿ ಕುರಿ ಬಿಡಲು ಹೋದ. ಗಂಡ ಮಾತ್ರ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ.

ಚೀಲವನ್ನು ಅವಳಿಗೆ ವಾಪಸ್ ಕೊಡಿ ಎಂದು ನಾನು ಬಾಯಿ ಬಿಟ್ಟು ಕೇಳಿದೆ. ಚೀಲ ಯಾವತ್ತೋ ಹರಿದುಹೋಯಿತು ಎಂದಳು ಅವಳು. ನಂತರ ಕಾಗದವನ್ನು ನಾಲ್ಕಾಗಿ ಮಡಿಚಿದಳು.

“ಇದು ನಂಗಿರ್ಲಿ. ಅವತ್ತು ನಿಮ್ ಸಾರು ಕೇಳಿದ್ರಲ್ಲ, ಎಷ್ಟು ಹೋದ್ವು ಅಂತ? ಮೂವತ್ತಾರು. ಬರ್ಕಳ್ರಿ.”

ಹಿಂದಿನಿಂದ ಭಾವ “ಲೇ” ಎಂದು ಗದರಿದ. ಕುರಿಗಳು ರೊಪ್ಪದಿಂದ ಹೊರಗೆ ಬರುತ್ತಿದ್ದವು.

“ಇರೋವ್ನ ಎಣಿಸಬಾರ್ದು ಭಾವ” ಎಂದಳು ಅವಳು, ಅವನ ಕಡೆ ತಿರುಗದೆ. “ಹೋದವ್ನ ನಾನು ದಿನಾ ಎಣಿಸ್ತೀನಿ.”

ಬುತ್ತಿ ಎತ್ತಿಕೊಂಡು ಕೂಲಿಗೆ ಹೊರಟಳು. ಆ ಮನೆಯಲ್ಲಿ ಮಜ್ಜಿಗೆ ಕುಡಿಯದೆ ನಾನು ಯಾವತ್ತೂ ಹಿಂದಿರುಗಿರಲಿಲ್ಲ. ಅವತ್ತು ಯಾರೂ ಕೊಡಲಿಲ್ಲ, ನಾನೂ ನಿಲ್ಲಲಿಲ್ಲ.

ಇವತ್ತು ಇಂಥ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರು ಇದನ್ನು ಓದಿದರೆ, ಸಲಹೆ ಕೊಡುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇನೆ. ನಂಬರ್ ಸಿಗದಿದ್ದರೆ ಪುಟ ಮುಂದಕ್ಕೆ ಹೋಗದಿದ್ದರೂ ಪರವಾಗಿಲ್ಲ, ಬಿಟ್ಟುಬಿಡಿ. ಸಿಕ್ಕರೆ ಅವರ ಎದುರಿಗೇ ನಿಂತು ಆ ನಂಬರಿಗೆ ಒಂದು ಸಲ ಫೋನ್ ಮಾಡಿ. ಸದ್ದು ಬರಬೇಕಾದದ್ದು ಅವರ ಕೈಯಿಂದ.

ಮೂವತ್ತಾರು. ಅವಳು ಹೇಳಿದಂತೆ ಬರೆದಿದ್ದೇನೆ.